ಎಲ್ಲವನ್ನೂ ತಿನ್ನುವ ಮೀನು

ಟೊಮೆಟೊ ಹೊರುತ್ತಿದ್ದ ನಮ್ಮ ಟೆಂಪೊದಲ್ಲಿ ನನ್ನ ಗಂಡ ಕೋಳಿ ಕರುಳು ಹೊರಲು ಶುರುಮಾಡಿದ ವರ್ಷ ನಾನು ಅವರ ಪಕ್ಕದಲ್ಲಿ ಮಲಗುವುದನ್ನು ಬಿಟ್ಟೆ. ಹೀಗೆ ಬರೆಯಲು ಸಂಕೋಚವಾಗುತ್ತದೆ. ಆದರೂ ನಿಮ್ಮೂರ ಕೆರೆಗೆ ಏನಾಯಿತು ಎಂದು ಯಾರಾದರೂ ಕೇಳಿದರೆ ನನಗೆ ಮೊದಲು ನೆನಪಾಗುವುದು ನಮ್ಮ ಮನೆಯ ಹಾಸಿಗೆಯೇ.

ನಮ್ಮೂರು ಬಂಗಾರಪೇಟೆಯಿಂದ ಕೆ.ಜಿ.ಎಫ್ ಕಡೆಗೆ ಹೋಗುವ ರಸ್ತೆಯ ಪಕ್ಕದಲ್ಲಿದೆ. ಕೆರೆ ಏರಿಯ ಮೇಲೆಯೇ ರಸ್ತೆ. ನಾನು ಕೆ.ಜಿ.ಎಫ್‌ನ ಉರಿಗಾಂನಿಂದ ಮದುವೆಯಾಗಿ ಬಂದಾಗ ಕೆರೆಯಲ್ಲಿ ನೀರಿರಲಿಲ್ಲ. ಕೆರೆ ಅಂಗಳದ ತುಂಬ ಸೀಮೆಜಾಲಿ ಬೆಳೆದಿತ್ತು, ಅದರ ಮರೆಗೆ ಬೆಳಿಗ್ಗೆ ಚೊಂಬು ಹಿಡಿದು ಹೋಗುವವರಿದ್ದರು. ಕೆರೆ ಅಂದರೆ ನನಗೆ ಅಷ್ಟೇ ಆಗಿತ್ತು. ಆಮೇಲೆ ಒಂದು ವರ್ಷ ಮಳೆ ಬಿಡದೆ ಹಿಡಿದು ಕೆರೆ ಅರ್ಧಕ್ಕಿಂತ ಮೇಲೆ ತುಂಬಿತು. ಜಾಲಿ ನಿಂತಲ್ಲೇ ಕೊಳೆತು ಹೋಯಿತು. ಕಪ್ಪೆಗಳ ಗಲಾಟೆಗೆ ಸಾಯಂಕಾಲ ಟಿವಿಯ ಮಾತು ಕೇಳಿಸುತ್ತಿರಲಿಲ್ಲ. ನೀರುಕೋಳಿಗಳು ಬಂದವು, ಬೆಳ್ಳಕ್ಕಿ ಬಂದವು. ಎಲ್ಲಿ ಅಡಗಿದ್ದವೋ, ಬೆರಳುದ್ದದ ಪಕ್ಕೆ ಮೀನುಗಳು ತೂಬಿನ ಹತ್ತಿರ ಬೆಳ್ಳಿ ಚೂರು ಚೆಲ್ಲಿದಂತೆ ಓಡಾಡತೊಡಗಿದವು.

ನಮ್ಮ ಅತ್ತೆಗೆ ಆ ಪಕ್ಕೆ ಅಂದರೆ ಪ್ರಾಣ. ಹಳೆ ಸೀರೆಯ ಒಂದು ತುದಿಯನ್ನು ನನ್ನ ಕೈಗೆ ಕೊಟ್ಟು, ಇನ್ನೊಂದು ತುದಿಯನ್ನು ತಾವು ಹಿಡಿದು, ಮೊಣಕಾಲುದ್ದ ನೀರಿನಲ್ಲಿ ನಿಂತು ಮೀನು ಗೋರುತ್ತಿದ್ದರು. ಸಿಕ್ಕಿದ್ದನ್ನು ಹೊಟ್ಟೆ ಹಿಂಡಿ, ಕಲ್ಲಿಗೆ ಉಜ್ಜಿ, ಬದನೆಕಾಯಿ ಹಾಕಿ ಸಾರು ಮಾಡುತ್ತಿದ್ದರು. ಮುದ್ದೆಗೆ ಅದು ಹೊಂದುವ ಹಾಗೆ ಬೇರೆ ಯಾವುದೂ ಹೊಂದುವುದಿಲ್ಲ ಎಂದು ಅವರ ವಾದ. ಉರಿಗಾಂನಲ್ಲಿ ಬೆಳೆದ ನನಗೆ ಮೀನು ಅಂದರೆ ಮಾರ್ಕೆಟ್ಟಿನಿಂದ ಬರುವ ದೊಡ್ಡ ಮೀನು. ಆದರೆ ಆ ಸಾರನ್ನು ನಾನೂ ಎರಡನೇ ಸಲ ಹಾಕಿಸಿಕೊಂಡು ಉಂಡಿದ್ದೇನೆ.

ಕೆರೆ ತುಂಬಿದ ಮರುವರ್ಷ ಊರಿನ ಒಬ್ಬ ಮೀನಿನ ಹೊಂಡ ತೋಡಿಸಿದ. ಕೆರೆಯ ಹಿಂಬದಿಯಲ್ಲಿ ಅವನದ್ದು ಸ್ವಲ್ಪ ಹೊಲವಿತ್ತು. ಹೊಲದ ಜೊತೆಗೆ ಕೆರೆ ಅಂಗಳದ ಒಂದು ತುಂಡನ್ನೂ ಸೇರಿಸಿಕೊಂಡು ಜೆಸಿಬಿ ತರಿಸಿದ. ಕೆರೆಯಿಂದಲೇ ಮೋಟ್ರು ಹಾಕಿ ನೀರು ತುಂಬಿಸಿದ. ಹೊಂಡದ ನೀರು ಕೆಟ್ಟಾಗ ಅದನ್ನು ಪುನಃ ಕೆರೆಗೇ ಬಿಡುತ್ತಿದ್ದ. ಯಾರೂ ಕೇಳಲಿಲ್ಲ. ಆ ವರ್ಷ ಊರ ಗುಡಿಗೆ ಸುಣ್ಣಬಣ್ಣ ಮಾಡಿಸಿದವನು ಅವನೇ. ಅವನು ಸಾಕಿದ್ದು ಕ್ಯಾಟ್‌ಫಿಶ್ ಎನ್ನುವ ಮೀನು. ಕಪ್ಪಗೆ, ಹುರುಪೆ ಇಲ್ಲದೆ ಜಾರುವ ಮೈ. ಚಪ್ಪಟೆ ತಲೆ, ಬಾಯಿಯ ಸುತ್ತ ಮೀಸೆ. ನೀರಿನಿಂದ ತೆಗೆದು ನೆಲದ ಮೇಲೆ ಹಾಕಿದರೂ ಸಾಯದೆ ಗಂಟೆಗಟ್ಟಲೆ ಉಸಿರಾಡುತ್ತದೆ. ಅದನ್ನು ಸಾಕುವುದನ್ನು ಸರ್ಕಾರ ನಿಷೇಧಿಸಿದೆ ಎಂದು ನನಗೆ ಗೊತ್ತಾದದ್ದು ಬಹಳ ತಡವಾಗಿ.

ಟೊಮೆಟೊ ಕಾಲದಲ್ಲಿ ಮಾತ್ರ ನಮ್ಮ ಟೆಂಪೊಗೆ ಬಿಡುವಿಲ್ಲದ ಕೆಲಸ. ಉಳಿದ ತಿಂಗಳು ಅದು ಮನೆ ಮುಂದೆ ನಿಂತಿರುತ್ತಿತ್ತು. ಹೊಂಡದವನು ಒಂದು ದಿನ ನಮ್ಮ ಜಗುಲಿಗೆ ಬಂದು ಕೂತು, ದಿನಾ ಕೆಲಸ ಕೊಡುತ್ತೇನೆ ಅಂದ. ಬಂಗಾರಪೇಟೆಯ ಕೋಳಿ ಅಂಗಡಿಗಳಲ್ಲಿ ಉಳಿಯುವ ಕರುಳು, ತಲೆ, ಕಾಲು, ಪುಕ್ಕ, ಇವನ್ನೆಲ್ಲ ಡ್ರಮ್ಮಿನಲ್ಲಿ ತುಂಬಿಕೊಂಡು ಹೊಂಡಕ್ಕೆ ತಂದು ಸುರಿಯಬೇಕು. ಅಂಗಡಿಯವರಿಗೂ ಕಸ ಕಳೆಯುತ್ತದೆ, ಮೀನಿಗೂ ಹೊಟ್ಟೆ ತುಂಬುತ್ತದೆ.

"ಗಬ್ಬು ಕೆಲ್ಸ ಅಲ್ವಾ ಅದು," ಎಂದೆ ನಾನು ಒಳಗಿನಿಂದ.

"ಗಬ್ಬು ಯಾವ್ದಿಲ್ಲಮ್ಮ ಇವತ್ತು," ಎಂದು ಅವನು ನಕ್ಕ. "ಸಗಣಿ ಬಾಚಲ್ವಾ ನೀನು?"

ಸಗಣಿಯೂ ಕೊಳೆತ ಕರುಳೂ ಒಂದೇ ಎಂದು ಹೇಳುವವನ ಹತ್ತಿರ ಏನು ಮಾತಾಡುವುದು. ನನ್ನ ಗಂಡ ಒಪ್ಪಿಕೊಂಡರು.

ಮೊದಲ ದಿನ ಸಾಯಂಕಾಲ ಟೆಂಪೊ ಮನೆಗೆ ಬರುವ ಮುಂಚೆಯೇ ವಾಸನೆ ಬಂತು. ಅದರ ಹಿಂದೆ ನೊಣ ಬಂದವು. ಹಸಿ ಮಾಂಸದ ವಾಸನೆ ನನಗೇನು ಹೊಸದಲ್ಲ, ಇದು ಬೇರೆ. ಬಿಸಿಲಿನಲ್ಲಿ ಮುಚ್ಚಿಟ್ಟ ಡ್ರಮ್ಮಿನೊಳಗೆ ಕರುಳು ಉಬ್ಬಿ, ನೊರೆಯೆದ್ದು, ಕೊನೆಗೆ ಒಂದು ಸಿಹಿ ನಾತ ಬಂದಿರುತ್ತದೆ. ಆ ಸಿಹಿಯನ್ನೇ ತಡೆಯಲಿಕ್ಕಾಗದು. ಅವರು ಬಚ್ಚಲಿಗೆ ಹೋಗಿ ಬಟ್ಟೆ ಸೋಪು ಹಾಕಿ ಮೈ ಉಜ್ಜಿದರು, ಆಮೇಲೆ ಮೈ ಸೋಪು ಹಾಕಿದರು. ನಾನು ಕಡಲೆಹಿಟ್ಟು, ನಿಂಬೆಹಣ್ಣಿನ ಸಿಪ್ಪೆ ಕೊಟ್ಟೆ. ಊಟಕ್ಕೆ ಕೂತು ಮುದ್ದೆ ಮುರಿದಾಗ ಆ ಬೆರಳುಗಳಿಂದ ಅದೇ ಸಿಹಿ ಬಂತು. ನಾನು ಸಾರಿನ ಪಾತ್ರೆಯನ್ನು ಅಲ್ಲೇ ಇಟ್ಟು ಹಿತ್ತಲಿಗೆ ಎದ್ದು ಹೋದೆ.

ಕೆಲವು ದಿನ ಸಹಿಸಿಕೊಂಡೆ. ಆಮೇಲೆ ಅತ್ತೆಯ ಕೋಣೆಯಲ್ಲಿ ಚಾಪೆ ಹಾಸಿಕೊಂಡೆ. ಅವರು ಬಾಗಿಲಿಗೆ ಬಂದು ನಿಂತರು.

"ಯಾಕೆ ಇಲ್ಲಿ?"

"ಸೊಂಟ ನೋವು. ನೆಲ ಆದ್ರೆ ಚೆನ್ನಾಗಿರ್ತದೆ."

"ನಿಜ ಏಳು."

ನಿಜ ಹೇಳುವ ಬದಲು ನಾನು ಚಾಪೆಯ ತುದಿ ಸರಿಮಾಡಿದೆ. ಅವರು ತಮ್ಮ ಎರಡು ಕೈಯನ್ನೂ ಮೂಗಿನ ಹತ್ತಿರ ಹಿಡಿದು ನೋಡಿಕೊಂಡರು. "ನಂಗೇನೂ ಬರ್ತಿಲ್ಲ ಕಣೇ," ಅಂದರು. ಅದು ಸುಳ್ಳಲ್ಲ. ಅಷ್ಟರಲ್ಲಿ ಅವರ ಮೂಗು ಆ ವಾಸನೆಯನ್ನು ವಾಸನೆ ಎನ್ನುವುದನ್ನೇ ನಿಲ್ಲಿಸಿಬಿಟ್ಟಿತ್ತು. ನನಗೆ ಭಯವಾದದ್ದು ಆ ಮಾತಿಗೆ.

ಹೊಂಡವನ್ನು ನಾನು ಹತ್ತಿರದಿಂದ ನೋಡಿದ್ದು ಒಂದೇ ಸಲ. ಅವರು ಮನೆಯಲ್ಲಿ ಮರೆತುಹೋದ ಫೋನು ಒಂದೇ ಸಮನೆ ಹೊಡೆದುಕೊಳ್ಳುತ್ತಿತ್ತೆಂದು ಅದನ್ನು ಕೊಡಲು ಹೋದೆ. ಹೊಂಡದ ದಂಡೆಯ ಮಣ್ಣಿನ ಮೇಲೆ ಎಣ್ಣೆ ಚೆಲ್ಲಿದಂತೆ ಜಿಡ್ಡು. ನೊಣ ಎಷ್ಟಿದ್ದವೆಂದರೆ ಬಾಯಿ ತೆರೆಯಲು ಹೆದರಿಕೆ. ಅವರು ಟೆಂಪೊದ ಹಿಂದೆ ನಿಂತು ಡ್ರಮ್ಮು ವಾಲಿಸುತ್ತಿದ್ದರು. ಒಳಗೆ ಏನೋ ಸಿಕ್ಕಿಕೊಂಡು ಬೀಳಲೊಲ್ಲದು. ಅವರು ಡ್ರಮ್ಮಿನೊಳಗೆ ಭುಜದವರೆಗೂ ಕೈ ಇಳಿಬಿಟ್ಟು, ಮುಖವನ್ನು ಒಂದು ಪಕ್ಕಕ್ಕೆ ತಿರುಗಿಸಿಕೊಂಡು, ಕಲಸಿ ಕಲಸಿ ಎಳೆದರು. ದೊಡ್ಡದೊಂದು ಉಂಡೆ ಜಾರಿ ನೀರಿಗೆ ಬಿತ್ತು.

ನೀರು ಬಾಯಾಯಿತು. ಇದನ್ನು ಬೇರೆ ಹೇಗೆ ಹೇಳಬೇಕೋ ನನಗೆ ತಿಳಿಯದು. ಅಲ್ಲಿಯವರೆಗೆ ಹಸಿರು ಪಾಚಿ ಕಟ್ಟಿ ಸುಮ್ಮನಿದ್ದ ನೀರಿನ ತುಂಬ ಅಗಲ ಬಾಯಿಗಳು ಎದ್ದವು. ಒಂದರ ಮೈಮೇಲೆ ಇನ್ನೊಂದು ಹತ್ತಿ, ಒಂದರ ಬಾಯಿಯಿಂದ ಇನ್ನೊಂದು ಕಿತ್ತುಕೊಂಡು, ಚಪ ಚಪ ಎಂದು ನಾಯಿ ಅಂಬಲಿ ನೆಕ್ಕುವ ಸದ್ದು. ಒಂದು ಮೀನಿನ ಬಾಯಿಂದ ಕೋಳಿಯ ಕಾಲು ಹೊರಗೆ ಚಾಚಿಕೊಂಡಿತ್ತು, ಬೆರಳುಗಳು ಬಿಡಿಸಿಕೊಂಡೇ ಇದ್ದವು.

ಹೊಂಡದವನು ಪಕ್ಕದಲ್ಲಿ ಬೀಡಿ ಸೇದುತ್ತ ಕೂತಿದ್ದ. "ನೋಡಮ್ಮ ಎಂಗೆ ತಿಂತವೆ. ಏನಾಕಿದ್ರೂ ತಿಂತವೆ. ಒಂದು ನಾಯಿ ಸತ್ತಿತ್ತು, ಆಕಿದ್ವಿ. ಮೂಳೆ ಬಿಡ್ಲಿಲ್ಲ."

ನಾನು ಫೋನನ್ನು ಟೆಂಪೊದ ಸೀಟಿನ ಮೇಲಿಟ್ಟು ಬಂದೆ. ಏರಿ ಹತ್ತುವಾಗ ಬೆಳಿಗ್ಗೆ ಉಂಡದ್ದೆಲ್ಲ ವಾಂತಿಯಾಯಿತು.

"ಈ ಮೀನನ್ನ ತಿನ್ನೋರು ಯಾರು?" ಎಂದು ಅವತ್ತು ಸಂಜೆ ಕೇಳಿದೆ.

"ಗೊತ್ತಿಲ್ಲ. ಬೆಳಿಗ್ಗೆ ಬೆಳಿಗ್ಗೆ ಗಾಡಿ ಬತ್ತದೆ, ತುಂಬ್ಕೊಂಡು ಓಗ್ತಾರೆ. ಬೆಂಗಳೂರು ಅಂತಾರೆ, ತಮಿಳುನಾಡು ಅಂತಾರೆ. ನಾವ್ ತಿನ್ನಲ್ವಲ್ಲ."

ನಾವು ತಿನ್ನುವುದಿಲ್ಲ, ಯಾರೋ ತಿನ್ನುತ್ತಾರೆ. ಆ ಯಾರೋ ಎನ್ನುವವರು ದೂರದಲ್ಲಿದ್ದಾರೆ ಎಂದುಕೊಂಡು ನಾನೂ ಆವತ್ತು ಸಮಾಧಾನ ಮಾಡಿಕೊಂಡೆ.

ಆ ಬೇಸಿಗೆಯಲ್ಲಿ ಅಮ್ಮನನ್ನು ನೋಡಲು ಉರಿಗಾಂಗೆ ಹೋದೆ. ಬಂಗಾರಪೇಟೆಯಿಂದ ಮಾರಿಕುಪ್ಪಂ ರೈಲಿನಲ್ಲಿ ಕೂತರೆ ಸ್ವಲ್ಪ ಹೊತ್ತಿನ ದಾರಿ. ಅಪ್ಪ ಗಣಿಯಲ್ಲಿದ್ದವರು, ತೀರಿಕೊಂಡು ಬಹಳ ವರ್ಷವಾಯಿತು. ಅಮ್ಮ ಗಣಿ ಕಾರ್ಮಿಕರ ಅದೇ ಲೈನು ಮನೆಯಲ್ಲಿ ಇದ್ದಾಳೆ. ಸುತ್ತ ತಮಿಳು ಮಾತಾಡುವವರ ನಡುವೆ ಬದುಕಿ ಅವಳ ಕನ್ನಡಕ್ಕೆ ಅರ್ಧ ತಮಿಳು ಅಂಟಿಕೊಂಡಿದೆ. ನನ್ನನ್ನು ಕರೆಯುವುದು ಕಣ್ಣು ಎಂದು, ಅಳಿಯನನ್ನು ಮಾಪಿಳ್ಳೆ ಎಂದು. ನಾನು ಬರುವ ದಿನ ಅವಳು ಮೀನು ಸಾರು ಮಾಡದೆ ಇರುವುದಿಲ್ಲ.

ಆ ದಿನವೂ ಮಾಡಿದ್ದಳು. ಹುಣಸೆಹಣ್ಣು, ಮೆಂತ್ಯ, ಸಣ್ಣ ಈರುಳ್ಳಿ ಹಾಕಿ ಕುದಿಸಿದ ಕೆಂಪು ಸಾರು. ಬಡಿಸಲು ಪಾತ್ರೆಯ ಮುಚ್ಚಳ ತೆಗೆದಳು. ಹುಣಸೆಯ ಹುಳಿ, ಮೆಂತ್ಯದ ಕಹಿ ಎರಡನ್ನೂ ದಾಟಿಕೊಂಡು ಆ ಸಿಹಿ ಬಂತು. ಮೊದಲು ನನ್ನ ಭ್ರಮೆ ಅಂದುಕೊಂಡೆ. ನನ್ನ ಸೀರೆಯಿಂದ ಬರುತ್ತಿರಬಹುದು, ನಮ್ಮ ಮನೆಯಿಂದ ನಾನೇ ಹೊತ್ತು ತಂದಿರಬಹುದು. ಸೌಟು ಆಡಿಸಿ ನೋಡಿದೆ. ದಪ್ಪ ದಪ್ಪ ತುಂಡುಗಳು, ಚರ್ಮ ಸುಲಿದದ್ದು, ಅಂಚಿನಲ್ಲಿ ಹಳದಿ ಕೊಬ್ಬು.

"ಏನ್ ಮೀನಮ್ಮ ಇದು?"

"ಕೊರಮೀನು. ಮುಳ್ಳೇ ಇಲ್ಲ ಕಣ್ಣು, ನನ್ ಹಲ್ಲಿಗೆ ಒಳ್ಳೇದು. ವಾರವಾರ ಒಬ್ಳು ತಕೊಂಡ್ ಬತ್ತಾಳೆ."

"ತಲೆ ಎಲ್ಲಿ?"

ಅಮ್ಮ ನನ್ನ ಮುಖ ನೋಡಿದಳು. ನಮ್ಮ ಮನೆಯಲ್ಲಿ ಮೀನಿನ ತಲೆ ಯಾವಾಗಲೂ ಅಪ್ಪನಿಗೆ, ಅವರು ಹೋದಮೇಲೆ ನನಗೆ. ಆ ಲೈನಿನಲ್ಲಿ ತಲೆ ಬಿಟ್ಟು ಮೀನು ತರುವವರೇ ಇಲ್ಲ.

"ತಲೆ ಕೊಡಲ್ಲ ಅವ್ಳು. ಮನೇಲೇ ಕುಯ್ದು, ತೊಗ್ಲು ತೆಗ್ದು ತತ್ತಾಳೆ. ಯಾಕೆ?"

ಅಷ್ಟು ಬೆಲೆಯ ಕೊರಮೀನಿನ ತಲೆಯನ್ನು ಎಸೆಯುವ ಹೆಂಗಸು ಕೆ.ಜಿ.ಎಫ್‌ನಲ್ಲಿ ಹುಟ್ಟಿಲ್ಲ. ಇವಳು ಮಾರುವುದು ಆ ಹೊಂಡದ ಮೀನನ್ನೇ, ಚಪ್ಪಟೆ ತಲೆ, ಮೀಸೆ ಕಂಡರೆ ಯಾರೂ ಕೊಳ್ಳುವುದಿಲ್ಲವೆಂದು ತಲೆಯನ್ನು ಕತ್ತರಿಸಿಟ್ಟು ಬರುತ್ತಾಳೆ. ನಾನು ಅಮ್ಮನಿಗೆ ಎಲ್ಲವನ್ನೂ ಹೇಳಿದೆ. ಹೊಂಡ, ಡ್ರಮ್ಮು, ಕೋಳಿ ಕಾಲು, ಸತ್ತ ನಾಯಿ. ಹೇಳುತ್ತ ಹೇಳುತ್ತ ನನಗೇ ನಿಲ್ಲಿಸಲಾಗಲಿಲ್ಲ. ಅಮ್ಮ ನನ್ನ ಅನ್ನದ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಕೇಳಿದಳು. ಅವಳು ಅದೇ ಸಾರಿನಲ್ಲಿ ಆಗಲೇ ಒಂದು ಸಲ ಊಟ ಮುಗಿಸಿದ್ದಳು.

"ಎಷ್ಟು ವಾರದಿಂದ ತಿಂತಿದೀನೋ," ಅಂದಳು. ತಟ್ಟೆಯನ್ನು ಕೆಳಗಿಟ್ಟು, "ಮಾಪಿಳ್ಳೆ ಗಾಡೀಲಿ ಒರೋದು ಇದಕ್ಕೇನಾ?" ಎಂದು ಕೇಳಿದಳು.

ನಾನು ಹೂಂ ಅಂದೆ.

ಅವಳು ಎದ್ದು ಪಾತ್ರೆಯನ್ನು ಹಿಂದಿನ ಚರಂಡಿಗೆ ಸುರಿದಳು. ಬೆಕ್ಕುಗಳು ಓಡಿ ಬಂದವು. ಅವುಗಳನ್ನು ಓಡಿಸಲು ಒಂದು ಕಲ್ಲು ತೆಗೆದುಕೊಂಡವಳು, ಎಸೆಯದೆ ಕೈಯಲ್ಲೇ ಹಿಡಿದು ನಿಂತಳು. ಆ ದಿನ ನಾವಿಬ್ಬರೂ ಉಪ್ಪಿನಕಾಯಿ ನೆಂಚಿಕೊಂಡು ಮಜ್ಜಿಗೆ ಅನ್ನ ಉಂಡೆವು. ಅಮ್ಮ ಮಧ್ಯೆ ಮಧ್ಯೆ ಬಾಯಿ ಮುಕ್ಕಳಿಸಿ ಬರುತ್ತಿದ್ದಳು. ಅದಕ್ಕಿಂತ ಅಸಹ್ಯದ ದಿನ ನನ್ನ ಜೀವನದಲ್ಲಿ ಬಂದಿಲ್ಲ.

ಮನೆಗೆ ಬಂದು ಗಂಡನಿಗೆ ಹೇಳಿದೆ. "ನೀವು ಒರೋದನ್ನ ನಮ್ಮಮ್ಮ ತಿಂತಾವ್ಳೆ."

ಅವರು ಕಾಫಿ ಲೋಟ ಕೆಳಗಿಟ್ಟರು. "ನಾನ್ ಒರ್ದೆ ಇದ್ರೆ ಇನ್ನೊಬ್ಬ ಒರ್ತಾನೆ."

"ಇನ್ನೊಬ್ಬ ಒರ್ಲಿ. ಅವನ್ ಪಕ್ಕ ನಾನ್ ಮಲಗ್ಬೇಕಾಗಿಲ್ವಲ್ಲ."

ಮಾತು ಬಾಯಿಂದ ಬಂದ ಮೇಲೆ ಹೆಚ್ಚಾಯಿತು ಅನ್ನಿಸಿತು. ಅವರು ಎದ್ದು ಹೊರಗೆ ಹೋದರು. ಮರುದಿನ ಬೆಳಿಗ್ಗೆ ಟೆಂಪೊ ಎಂದಿನಂತೆ ಹೊರಟಿತು. ಅವರ ಮೇಲೆ ನನಗೆ ಬಂದದ್ದು ಸಿಟ್ಟಲ್ಲ. ಸಿಟ್ಟಾದರೆ ಇಳಿಯುತ್ತದೆ. ಬಂದದ್ದು ಹೇಸಿಗೆ, ಅದು ಮೈಗೆ ಹತ್ತಿದರೆ ಬಿಡುವುದಿಲ್ಲ. ಅವರು ತೊಟ್ಟು ಬಿಟ್ಟ ಅಂಗಿಯನ್ನು ಕೋಲಿನಿಂದ ಎತ್ತಿ ಬಕೆಟ್ಟಿಗೆ ಹಾಕುತ್ತಿದ್ದೆ. ಅವರು ಅದನ್ನು ನೋಡಿದರೂ ನೋಡದಂತೆ ಇರುತ್ತಿದ್ದರು.

ಮಳೆಗಾಲದ ಕೊನೆಯಲ್ಲಿ ಸೈಕ್ಲೋನಿನ ಜಡಿಮಳೆ ಹಿಡಿಯಿತು. ಕೆರೆ ತುಂಬಿ ಕೋಡಿ ಬಿತ್ತು. ಊರಿನವರು ಪೂಜೆ ಮಾಡಿ ಬಾಗಿನ ಬಿಟ್ಟರು. ಅದೇ ಹೊತ್ತಿಗೆ ಹಿಂಬದಿಯಲ್ಲಿ ನೀರು ಏರಿ ಹೊಂಡದ ಮೇಲೆ ಹಾದು, ಹೊಂಡ ಯಾವುದು ಕೆರೆ ಯಾವುದು ಎಂದು ಗೊತ್ತಾಗದಂತೆ ಎಲ್ಲ ಒಂದಾಯಿತು.

ಮರುದಿನ ಬೆಳಿಗ್ಗೆ ನಾನು ಹುಲ್ಲು ಕುಯ್ಯಲು ಹೋದಾಗ ಕೋಡಿಯ ಕೆಳಗಿನ ರಾಗಿ ಹೊಲದಲ್ಲಿ ಏನೋ ಸರಸರ ಎಂದಿತು. ಹಾವು ಎಂದು ಹಿಂದಕ್ಕೆ ಹಾರಿದೆ. ಬಾಗಿದ ರಾಗಿ ತೆನೆಗಳ ನಡುವೆ, ಬರಿ ಕೆಸರಿನಲ್ಲಿ, ಆ ಮೀನುಗಳು ಕಿವಿರಿನ ಪಕ್ಕದ ಮುಳ್ಳನ್ನು ನೆಲಕ್ಕೆ ಊರಿಕೊಂಡು ತೆವಳುತ್ತಿದ್ದವು. ಜನ ಗೋಣಿಚೀಲ, ಕುಡುಗೋಲು ತಂದು ಹಬ್ಬ ಮಾಡಿದರು. ಹೊಂಡದಲ್ಲಿ ಏನು ಹಾಕುತ್ತಾರೆಂದು ಗೊತ್ತಿದ್ದವರೇ ಅವರೆಲ್ಲ. ಬಿಟ್ಟಿ ಸಿಕ್ಕಿದ್ದಕ್ಕೆ ಗಬ್ಬಿಲ್ಲ. ಹೊಂಡದವನು ಏರಿಯ ಮೇಲೆ ನಿಂತು ತಲೆಗೆ ಟವಲು ಸುತ್ತಿಕೊಂಡು, "ಓದದ್ದು ಓಯ್ತು, ನಮ್ಮೂರ್ ಕೆರೆಗೆ ಮೀನ್ ಬಿಟ್ಟಂಗಾಯ್ತು ಬಿಡಿ," ಎನ್ನುತ್ತಿದ್ದ. ಕೆಲವರು ನಕ್ಕರು. ನನ್ನ ಅತ್ತೆ ನಗಲಿಲ್ಲ. "ಕೆರೆ ಕೆಟ್ಟೋಯ್ತು," ಎಂದು ಮನೆಗೆ ಬಂದರು.

ಕೆರೆ ಕೆಡುವುದೆಂದರೆ ಹೇಗೆಂದು ನಾನು ಆ ವರ್ಷವೆಲ್ಲ ನೋಡಿದೆ. ಮೊದಲು ತೂಬಿನ ಹತ್ತಿರದ ಪಕ್ಕೆಗಳು ಕಾಣಿಸಲಿಲ್ಲ. ಆಮೇಲೆ ಏಡಿ, ಆಮೇಲೆ ಬಸವನಹುಳು. ಮುಂದಿನ ಮುಂಗಾರಿಗೆ ಕಪ್ಪೆಗಳು ಎರಡು ಮೂರು ಕಡೆ ಕೂಗಿದವು, ಅಷ್ಟಕ್ಕೇ ನಿಂತವು. ಒಂದು ಬೆಳಿಗ್ಗೆ ಜೊಂಡಿನ ಪಕ್ಕದಿಂದ ನೀರುಕೋಳಿಯೊಂದು ಮರಿಗಳನ್ನು ಹಿಂದಿಟ್ಟುಕೊಂಡು ಹೊರಟಿತ್ತು. ಕೊನೆಯ ಮರಿ ಇದ್ದಲ್ಲೇ ಇಲ್ಲವಾಯಿತು. ಸದ್ದಿಲ್ಲ, ನೀರು ಸ್ವಲ್ಪ ಸುತ್ತಿತು ಅಷ್ಟೆ. ತಾಯಿ ತಿರುಗಿ ನೋಡುವಷ್ಟರಲ್ಲಿ ಇನ್ನೊಂದು ಹೋಯಿತು. ನಾನು ಕೈಗೆ ಸಿಕ್ಕಿದ ಕಲ್ಲುಗಳನ್ನೆಲ್ಲ ನೀರಿಗೆ ಎಸೆದೆ. ಕಲ್ಲು ಬಿದ್ದ ಕಡೆಯೆಲ್ಲ ಬಾಯಿಗಳು ಎದ್ದವು, ಏನೋ ತಿನ್ನಲು ಹಾಕಿದ್ದಾರೆಂದು.

ಹೊಂಡದವನ ಮೇಲೆ ಯಾರೋ ಮೇಲಿನವರಿಗೆ ದೂರು ಕೊಟ್ಟರು. ಅಧಿಕಾರಿಗಳು ಬಂದು ಹೊಂಡವನ್ನು ಮುಚ್ಚಿಸಿದರು. ಅವನು ಆಂಧ್ರದ ಗಡಿಯ ಕಡೆ ಎಲ್ಲೋ ಜಾಗ ಮಾಡಿಕೊಂಡನೆಂದು ಸುದ್ದಿ. ನನ್ನ ಗಂಡನನ್ನು ಅಲ್ಲಿಗೂ ಕರೆದ. ಇವರು ದೂರವಾಯಿತೆಂದು ಹೋಗಲಿಲ್ಲ. ನನ್ನ ಮಾತಿಗೆ ಬಿಟ್ಟರು ಎಂದು ಹೇಳಿಕೊಳ್ಳಲು ನನಗೆ ಆಸೆ, ಆದರೆ ಬಿಟ್ಟದ್ದು ಡೀಸೆಲ್ಲಿನ ಲೆಕ್ಕಕ್ಕೆ. ಡ್ರಮ್ಮುಗಳು ಹೋದವು, ಟೆಂಪೊವನ್ನು ಮತ್ತೆ ಮತ್ತೆ ತೊಳೆದೆವು. ಇನ್ನಾದರೂ ಮುಗಿಯಿತು ಅಂದುಕೊಂಡೆ.

ಮುಗಿಯಲಿಲ್ಲ. ಕೋಳಿ ಅಂಗಡಿಗಳಲ್ಲಿ ಕರುಳು ಬೀಳುವುದು ನಿಲ್ಲುವುದಿಲ್ಲವಲ್ಲ. ಒಯ್ಯುವವರು ಇಲ್ಲದಾದ ಮೇಲೆ ಅದು ಚೀಲಗಳಲ್ಲಿ ಬಂದು ನೇರ ಕೆರೆಗೆ ಬೀಳತೊಡಗಿತು. ಏರಿ ಮೇಲೆ ಬೈಕು ನಿಧಾನ ಮಾಡುವುದು, ಚೀಲ ಎಸೆಯುವುದು, ಹೋಗುವುದು. ಒಬ್ಬನನ್ನು ನಿಲ್ಲಿಸಿ ಕೇಳಿದೆ. ಹೆಲ್ಮೆಟ್ಟು ಕೂಡ ತೆಗೆಯಲಿಲ್ಲ. "ಮೀನ್ ತಿಂತವೆ ಬಿಡಕ್ಕಾ," ಅಂದ.

ಆ ಮಾತು ಊರಿಗೆಲ್ಲ ಹತ್ತಿತು. ಮೀನ್ ತಿಂತವೆ ಬಿಡು. ಕಲ್ಯಾಣಮಂಟಪದ ಎಂಜಲೆಲೆ ಬಂತು. ಮಕ್ಕಳ ಡೈಪರು ಬಂತು. ಸತ್ತ ಕುರಿ ಬಂತು. ಹಿಂದೆ ಕೆರೆಗೆ ಕಸ ಹಾಕುವವರು ಅತ್ತ ಇತ್ತ ನೋಡಿ ಹಾಕುತ್ತಿದ್ದರು, ಈಗ ಆ ನಾಚಿಕೆಯೂ ಇಲ್ಲ. ಆ ಮೀನು ನಮ್ಮ ಜನಕ್ಕೆ ಒಂದು ಉಪಕಾರ ಮಾಡಿತು, ಹೇಸಿಗೆ ಪಡುವ ಕೆಲಸವನ್ನು ತಪ್ಪಿಸಿತು.

ಇದು ನಮ್ಮ ಮನೆಯೊಳಗೂ ಬಂತು. ನಮ್ಮ ಹಸು ಕರು ಹಾಕಿತು. ಕರು ಹಾಕಿದ ಮೇಲೆ ಬೀಳುವ ಮಾಸನ್ನು ಹುಲ್ಲಿನಲ್ಲಿ ಸುತ್ತಿ, ಊರಾಚೆಯ ಆಲದ ಮರಕ್ಕೆ ಕಟ್ಟಿ ಬರುವುದು ನಮ್ಮಲ್ಲಿ ಮೊದಲಿನಿಂದ ನಡೆದುಬಂದದ್ದು. ಹಾಲಿರುವ ಮರಕ್ಕೆ ಕಟ್ಟಿದರೆ ಹಸುವಿಗೆ ಹಾಲು ಹೆಚ್ಚುತ್ತದೆಂದು ನನಗೆ ಹೇಳಿಕೊಟ್ಟವರೇ ಅತ್ತೆ. ಆ ದಿನ ಅವರು ಮಾಸನ್ನು ಸಿಮೆಂಟು ಚೀಲಕ್ಕೆ ಹಾಕಿ ಬಾಯಿ ಕಟ್ಟಿ ನನ್ನ ಮುಂದಿಟ್ಟರು.

"ಅಲ್ಲೀಗಂಟ ಯಾರೋಗ್ತಾರೆ. ಕೆರೇಗಾಕ್ಬುಟ್ಟು ಬಾ."

"ಅತ್ತೆ, ನೀವೇ ಇಂಗಂದ್ರೆ?"

"ಎಲ್ರೂ ಆಕ್ತಾವ್ರೆ. ನಮ್ದೊಂದರಿಂದ ಏನಾಯ್ತದೆ. ಅವು ತಿಂದಾಕ್ತವೆ."

ಕೆರೆ ಕೆಟ್ಟಿತು ಎಂದು ಅಳುಮುಖ ಮಾಡಿಕೊಂಡು ಬಂದಿದ್ದ ಹೆಂಗಸು ಇವರೇ. ನಾನು ಅವರ ಮುಖವನ್ನೇ ನೋಡಿದೆ. ಕಾಲು ನೋಯುತ್ತಿತ್ತು, ದಣಿದಿದ್ದರು, ಅವರಲ್ಲಿ ಕೆಟ್ಟತನವೇನೂ ಇರಲಿಲ್ಲ. ನಾನು ಚೀಲವನ್ನು ಹೊತ್ತುಕೊಂಡು ಆಲದ ಮರಕ್ಕೆ ಹೋದೆ. ಕೊಂಬೆಯಲ್ಲಿ ಹಳೆಯ ಗಂಟುಗಳು ಒಂದೆರಡು ಒಣಗಿ ನೇತಾಡುತ್ತಿದ್ದವು. ಹೊಸದು ಯಾವುದೂ ಇರಲಿಲ್ಲ.

ಕೋಡಿ ಬಿದ್ದ ಮೇಲಿನ ಎರಡನೇ ಬೇಸಿಗೆಗೆ ಕೆರೆ ಬತ್ತಿ, ತೂಬಿನ ಮುಂದೆ ಒಂದು ಗುಂಡಿಯಷ್ಟು ನೀರು ಉಳಿಯಿತು. ನೀರು ಎನ್ನುವುದಕ್ಕಿಂತ ಗಂಜಿ. ಅದರಲ್ಲಿ ಆ ಮೀನುಗಳು ಒತ್ತಾಗಿ, ಮೇಲೆ ಬಂದು ಗಾಳಿ ನುಂಗಿ, ಒಂದನ್ನೊಂದು ತಿನ್ನುತ್ತ ಬಿದ್ದಿದ್ದವು. ವಾಸನೆ ರಸ್ತೆ ದಾಟಿ ಶಾಲೆಗೆ ಬಂತು. ಆಗ ಎಲ್ಲರಿಗೂ ಎಚ್ಚರವಾಯಿತು. ಅಧಿಕಾರಿಗಳನ್ನು ಕರೆಸಿ ಮಾತಾಡಿ, ಮೀನನ್ನೆಲ್ಲ ಹಿಡಿದು ದೂರದ ಗೋಮಾಳದಲ್ಲಿ ಗುಂಡಿ ತೆಗೆದು, ಸುಣ್ಣ ಹಾಕಿ ಮುಚ್ಚುವುದೆಂದು ತೀರ್ಮಾನಿಸಿದರು. ಹೊರಲು ಗಾಡಿ ಬೇಕಿತ್ತು. ಆ ವಾಸನೆಗೆ ಯಾವ ಗಾಡಿಯವರೂ ಒಪ್ಪಲಿಲ್ಲ. ನಮ್ಮ ಮನೆಗೆ ಬಂದರು.

ನನ್ನ ಗಂಡ ಅವರಿಗೆ ಉತ್ತರ ಕೊಡದೆ ಒಳಗೆ ಬಂದು ನನ್ನನ್ನು ಕೇಳಿದರು. "ಏನ್ ಮಾಡ್ಲಿ? ಬ್ಯಾಡ ಅಂದ್ರೆ ಓಗಲ್ಲ."

ಅದುವರೆಗೂ ಆ ಟೆಂಪೊದ ವಿಷಯದಲ್ಲಿ ಅವರು ನನ್ನನ್ನು ಕೇಳಿದವರಲ್ಲ. "ಓಗಿ," ಅಂದೆ. "ಓಗಿ, ಎಲ್ಲಾನೂ ಊತಾಕಿ ಬನ್ನಿ."

ಬೆಳಿಗ್ಗೆಯಿಂದ ಸಂಜೆಯವರೆಗೆ ಹೊತ್ತರು. ಜೆಸಿಬಿ ಕೆಸರಿನ ಸಮೇತ ಬಾಚಿ ಟೆಂಪೊಗೆ ಹಾಕುವುದು, ಇವರು ಒಯ್ದು ಸುರಿಯುವುದು. ಗುಂಡಿ ತುಂಬಿದ ಮೇಲೆ ಸುಣ್ಣ ಹಾಕಿ, ಮಣ್ಣು ಎಳೆದು ಬಂದರು. ಮಾರನೆಯ ದಿನ ಬೆಳಿಗ್ಗೆ ಅವರು ಆ ಗುಂಡಿಯ ಕಡೆ ಹೋದವರು ಬೇಗ ಮರಳಿ ಬಂದು, ದನದ ತೊಟ್ಟಿಯ ಪಕ್ಕ ಕುಕ್ಕರಗಾಲಲ್ಲಿ ಕೂತು ವಾಂತಿ ಮಾಡತೊಡಗಿದರು. ಡ್ರಮ್ಮಿನೊಳಗೆ ಭುಜದವರೆಗೆ ಕೈ ಹಾಕಿದ ಮನುಷ್ಯ. ನಾನು ನೀರು ತಂದೆ.

"ಏನಾಯ್ತು?"

"ಮಣ್ಣು ಅಲ್ಲಾಡ್ತಾ ಐತೆ," ಅಂದರು. "ಒಳಗೆ ಇನ್ನೂ ಬದ್ಕವೆ. ಸುಣ್ಣದಲ್ಲಿ ಬೆಂದೋಗಿ, ಬದ್ಕವೆ. ನಾಕೈದು ಮೇಲೆ ಬಂದು ಬಾಯ್ ಬಿಡ್ತಾವೆ. ಕಣ್ಣಿಲ್ಲ ಅವಕ್ಕೆ, ಸುಟ್ಟೋಗವೆ."

ಮತ್ತೆ ಬಗ್ಗಿದರು. ನಾನು ಅವರ ಹಣೆ ಹಿಡಿದುಕೊಂಡೆ. ಎಷ್ಟೋ ಕಾಲದ ಮೇಲೆ ಅವರನ್ನು ಮುಟ್ಟಿದ್ದು. ಅವರಿಂದ ಕೆಸರು, ಸುಣ್ಣ, ಮೀನು ಮೂರೂ ನಾರುತ್ತಿದ್ದವು. ನಾನು ಮೂಗು ಮುಚ್ಚಿಕೊಳ್ಳಲಿಲ್ಲ ಎಂದೇನಲ್ಲ. ಒಂದು ಕೈಯಲ್ಲಿ ಸೆರಗಿನಿಂದ ಮೂಗು ಮುಚ್ಚಿಕೊಂಡೇ ಇನ್ನೊಂದು ಕೈಯಲ್ಲಿ ಹಿಡಿದಿದ್ದೆ. "ಮೀನೇನ್ ತಪ್ಪು ಮಾಡ್ತು," ಎಂದು ಅವರು ಬಾಯಿ ಒರೆಸಿಕೊಂಡು ಹೇಳಿದರು. "ನಾವ್ ಆಕಿದ್ದ ತಿಂತು." ಹುಣಸೆಹಣ್ಣು, ಬೂದಿ ತಂದು ಅವರ ಎರಡು ಕೈಯನ್ನೂ ಬೆರಳು ಬೆರಳು ಬಿಡಿಸಿ ಉಜ್ಜಿದೆ. ಉಗುರಿನ ಸಂದಿ ಕೆಂಪಾಗುವವರೆಗೆ ಉಜ್ಜಿದೆ. ಅವರು ಮಗುವಿನ ಹಾಗೆ ಕೈ ಚಾಚಿಕೊಂಡು ಕೂತಿದ್ದರು.

ಆ ಮಳೆಗಾಲಕ್ಕೆ ಕೆರೆ ಮತ್ತೆ ತುಂಬಿತು. ಕೆಸರಿನಲ್ಲಿ ಹುದುಗಿಕೊಂಡಿದ್ದವು ಎಷ್ಟಿದ್ದವೋ, ದೀಪಾವಳಿಯ ಹೊತ್ತಿಗೆ ಬಾಯಿಗಳು ಮತ್ತೆ ಕಾಣಿಸಿದವು. ಅಷ್ಟು ಸುಣ್ಣ, ಅಷ್ಟು ಹಿಂಸೆ, ಎಲ್ಲ ದಂಡ. ಏರಿಯ ಮೇಲೆ ಬೈಕುಗಳು ನಿಧಾನ ಮಾಡುವುದೂ ಮತ್ತೆ ಶುರುವಾಯಿತು.

ಈ ವರ್ಷ ಊರ ಅರಳಿಕಟ್ಟೆಯ ಮುಂದೆ ಸಭೆ ಸೇರಿದ್ದರು. ನೀರಿನ ಮಾತೆಂದು ಹೆಂಗಸರನ್ನೂ ಕರೆದಿದ್ದರು. ಒಬ್ಬ ಎದ್ದು ನಿಂತು, ಹೇಗಿದ್ದರೂ ಆ ಮೀನು ಕೆರೆಯಲ್ಲಿ ಇದೆ, ಹೋಗುವುದಿಲ್ಲ, ಮೀನು ಹಿಡಿಯುವುದನ್ನು ಯಾರಿಗಾದರೂ ಹರಾಜು ಹಾಕಿದರೆ ಊರಿಗೆ ಅನುಕೂಲ ಎಂದ. ತಲೆಗಳು ಆಡಿದವು. ಹಾಗೆ ಕೊಡುವುದಾದರೆ ಕೋಳಿ ಅಂಗಡಿಯವರು ಹಾಕುವುದನ್ನು ತಡೆಯಬಾರದು, ಮೀನು ದಪ್ಪ ಆಗಬೇಕಲ್ಲ ಎಂದು ಇನ್ನೊಬ್ಬ ಸೇರಿಸಿದ. ಅದಕ್ಕೂ ತಲೆಗಳು ಆಡಿದವು.

ನಾನು ಎದ್ದೆ. ಸಭೆಯಲ್ಲಿ ಮಾತಾಡಿ ನನಗೆ ಅಭ್ಯಾಸವಿಲ್ಲ. "ಆ ಮೀನನ್ನ ನಿಮ್ಮನೆ ಮಕ್ಳಿಗೆ ಇಕ್ತೀರಾ?" ಎಂದು ಕೇಳಿದೆ.

"ನಾವ್ಯಾಕಮ್ಮ ತಿನ್ನಣ," ಅಂದ ಮೊದಲನೆಯವನು. "ಆಚೆಗೋಗ್ತದೆ ಅದು."

"ಆಚೆ ಅಂದ್ರೆ ಎಲ್ಲಿಗೆ? ನಮ್ಮಮ್ಮನ ಮನೇಗೆ ಬಂತು ಅದು."

ಅವನಿಗೆ ಅರ್ಥವಾಗಲಿಲ್ಲ. ಅರ್ಥ ಮಾಡಿಸುವ ಮನಸ್ಸು ನನಗೂ ಇರಲಿಲ್ಲ. ಗಂಡಸರ ಸಾಲಿನಿಂದ ನನ್ನ ಗಂಡ ಎದ್ದು, "ಅರಾಜು ಆಕೋದಾದ್ರೆ ಆಕ್ಕೊಳ್ಳಿ. ನನ್ ಗಾಡಿ ಕರೀಬ್ಯಾಡಿ," ಎಂದಷ್ಟೇ ಹೇಳಿದರು. ಇಬ್ಬರೂ ಮನೆಗೆ ಬಂದೆವು.

ಹರಾಜು ಇನ್ನೂ ಆಗಿಲ್ಲ, ಆಗುತ್ತದೆ. ಅಮ್ಮ ಉರಿಗಾಂನಲ್ಲಿ ಮೀನು ಕೊಳ್ಳುವುದನ್ನೇ ಬಿಟ್ಟಿದ್ದಾಳೆ. ಆ ಹೆಂಗಸು ಈಗಲೂ ವಾರವಾರ ಲೈನಿಗೆ ಬರುತ್ತಾಳಂತೆ, ಪಕ್ಕದ ಮನೆಯವರು ಕೊಳ್ಳುತ್ತಾರಂತೆ. ಹೇಳಿದರೂ ಕೇಳುವುದಿಲ್ಲ, ಮುಳ್ಳಿಲ್ಲದ ಮೀನು ಅವರಿಗೆ ಹಿಡಿಸಿದೆ. ನಮ್ಮ ಕೆರೆ ಈಗ ಕಟ್ಟೆಯವರೆಗೂ ತುಂಬಿ ನಿಂತಿದೆ. ಭಾನುವಾರ ಕಾರಿನಲ್ಲಿ ಹೋಗುವವರು ಏರಿಯ ಮೇಲೆ ನಿಲ್ಲಿಸಿ, ಇಳಿದು, ಕೆರೆಯನ್ನು ಹಿಂದಿಟ್ಟುಕೊಂಡು ಫೋಟೊ ತೆಗೆಸಿಕೊಳ್ಳುತ್ತಾರೆ. ತಿಂದು ಉಳಿದ ಬಿಸ್ಕತ್ತನ್ನು ನೀರಿಗೆ ಎಸೆದು, ಮೀನು ಎದ್ದದ್ದಕ್ಕೆ ಖುಷಿಪಟ್ಟು ಹೋಗುತ್ತಾರೆ.